ಪಾಳಿ ಮುಗಿಯದ ಕೆಲಸ

ಸಾವನೇರ್ ಎಂದರೆ ಎಲ್ಲಿ ಬರುತ್ತೆ ಅಂತ ನಮ್ಮ ಕಡೆಯವರು ಈಗಲೂ ಕೇಳುತ್ತಾರೆ. ನಾಗಪುರದಿಂದ ಚಿಂದವಾಡಾ ರಸ್ತೆ ಹಿಡಿದು ಸುಮಾರು ಒಂದು ಗಂಟೆ ಪ್ರಯಾಣ ಮಾಡಿದರೆ ಸಿಗುವ ತಾಲ್ಲೂಕು ಕೇಂದ್ರ ಇದು. ಸುತ್ತ ಹತ್ತಿ, ಕಿತ್ತಳೆ, ನೆಲದಡಿ ಕಲ್ಲಿದ್ದಲು. ಊರ ಪಕ್ಕ ಹರಿಯುವ ನದಿಯ ಹೆಸರು ಕೋಲಾರ್. ನಾನು ಕೋಲಾರ ಜಿಲ್ಲೆಯ ಬಂಗಾರಪೇಟೆ ಕಡೆಯವನು. ವರ್ಗವಾಗಿ ಇಲ್ಲಿಗೆ ಬಂದ ಹೊಸದರಲ್ಲಿ, ಊರು ಬಿಟ್ಟರೂ ಹೆಸರು ಬಿಡಲಿಲ್ಲವಲ್ಲ ಎಂದು ಹೆಂಡತಿಯ ಹತ್ತಿರ ಹೇಳಿ ನಕ್ಕಿದ್ದುಂಟು. ಅಲ್ಲಿ ಚಿನ್ನದ ಗಣಿ, ಇಲ್ಲಿ ಕಲ್ಲಿದ್ದಲ ಗಣಿ. 2019ರಲ್ಲಿ ಬ್ಯಾಂಕಿನಿಂದ ನಿವೃತ್ತನಾದ ಮೇಲೂ ಇಲ್ಲೇ ಉಳಿದಿದ್ದೇವೆ.

ನಮ್ಮ ಪಕ್ಕದ ಮನೆಯವರು ಗಣಿಯಲ್ಲಿ ದುಡಿದು ನಿವೃತ್ತರಾದವರು. ನಾನು ಅವರನ್ನು ಭಾವೂ ಅನ್ನುತ್ತೇನೆ, ಅವರು ನನ್ನನ್ನು ಇನ್ನೂ ಸಾಹೇಬ್ ಅನ್ನುವುದನ್ನು ಬಿಟ್ಟಿಲ್ಲ. ಅವರ ಮಗ ನಾಗಪುರದಲ್ಲಿ ಅನಿಮೇಶನ್ ಕಲಿತು, ಕೆಲಸಕ್ಕೆ ಹೋದದ್ದು ಬೆಂಗಳೂರಿಗೆ. ವಿಡಿಯೋ ಗೇಮ್‌ಗಳಿಗೆ ಬೇಕಾದ ಕಾರು, ಕಟ್ಟಡ, ಮರ, ಬಂದೂಕು ಇವನ್ನೆಲ್ಲ ಕಂಪ್ಯೂಟರಿನಲ್ಲಿ ಮೂರು ಆಯಾಮದಲ್ಲಿ ಕಟ್ಟಿಕೊಡುವ ಕೆಲಸ. ನಾನು ನನ್ನ ರಾಜ್ಯ ಬಿಟ್ಟು ಅವನ ಊರಿಗೆ ಬಂದೆ, ಅವನು ಇಲ್ಲಿಂದ ನನ್ನ ರಾಜ್ಯಕ್ಕೆ ಹೋದ. ಹೋಗುವ ಮುಂಚೆ ನನ್ನ ಹತ್ತಿರ ಕೂತು 'ಊಟ ಆಯ್ತಾ', 'ಎಷ್ಟಾಗುತ್ತೆ', 'ಸ್ವಲ್ಪ ಅಡ್ಜಸ್ಟ್ ಮಾಡಿ' ಎಂಬ ಮೂರು ಮಾತು ಕಲಿತುಕೊಂಡು ಹೋಗಿದ್ದ.

ಒಂದು ದೀಪಾವಳಿಗೆ ಹುಡುಗ ರಜೆ ಮೇಲೆ ಬಂದ, ಲ್ಯಾಪ್‌ಟಾಪೂ ಜೊತೆಗೆ ಬಂತು. ಅಮೆರಿಕದ ಗಿರಾಕಿ ಕಂಪನಿಯವರಿಗೆ ಬೆಳಗಾಗುವ ಹೊತ್ತಿಗೆ ಇಲ್ಲಿ ರಾತ್ರಿ. ಅವರು ನೋಡಿ ತಿದ್ದುಪಡಿ ಕಳಿಸುವುದು ಆವಾಗ. ಹಬ್ಬದ ಮೂರು ದಿನವೂ ಆ ಮನೆಯ ಮಹಡಿ ಕೋಣೆಯ ದೀಪ ರಾತ್ರಿ ಎರಡು ಗಂಟೆಯವರೆಗೆ ಆರಲಿಲ್ಲ. ಭಾವೂ ನನ್ನನ್ನು ಕೇಳಿದರು: "ಸಾಹೇಬ್, ನಮ್ಮ ಗಣೀಲಿ ಪಾಳಿ ಮುಗಿದ ಮೇಲೆ ಲ್ಯಾಂಪ್ ವಾಪಸ್ ಕೊಟ್ಟರೆ ಆಯ್ತು. ಇವನ ಪಾಳಿ ಮುಗಿಯೋದು ಯಾವಾಗ?" ಪಾಳಿ ಎಂಬ ಮಾತು ಮರಾಠಿಯಲ್ಲೂ ಅದೇ, ಕನ್ನಡದಲ್ಲೂ ಅದೇ. ಆದರೆ ಉತ್ತರ ಸುಲಭವಾಗಿರಲಿಲ್ಲ. ಬರೀ ಆ ಹುಡುಗನ ಕಂಪನಿಯನ್ನು ಬೈದರೆ ಉತ್ತರ ಸಿಗುವುದಿಲ್ಲ, ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾಗಪುರದಿಂದಲೇ ಶುರುಮಾಡೋಣ. ಜಮ್ಶೆಟ್‌ಜಿ ಟಾಟಾ ಇಲ್ಲಿ ಎಂಪ್ರೆಸ್ ಮಿಲ್ ತೆರೆದದ್ದು 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಎಂದು ಘೋಷಿಸಿದ ದಿನವೇ. ಸುತ್ತಮುತ್ತ ಬೆಳೆಯುವ ಹತ್ತಿಗೆ ಇಲ್ಲೇ ಗಿರಣಿ. ಆದರೆ ಹೊಲದ ಕೆಲಸಕ್ಕೆ ಒಗ್ಗಿದ ಜನ ಗಿರಣಿಯ ಗಂಟೆಗೆ ಒಗ್ಗಲಿಲ್ಲ. ಮನಸ್ಸು ಬಂದರೆ ಬರುವುದು, ಹಬ್ಬ ಮದುವೆ ಇದ್ದರೆ ಇಲ್ಲ. ದಂಡ ಹಾಕುವುದು ಆ ಕಾಲದ ರೂಢಿ. ಟಾಟಾ ಬೇರೆ ದಾರಿ ಹಿಡಿದರು. ಗಿರಣಿಯ ಒಳಗೆ ಗಾಳಿಯನ್ನು ತಂಪಾಗಿ ಇಡುವ ಏರ್ಪಾಡು, 1886ರಲ್ಲಿ ಪಿಂಚಣಿ ನಿಧಿ, 1895ರಿಂದ ಅಪಘಾತಕ್ಕೆ ಪರಿಹಾರ. ಕಾನೂನು ಕೇಳುವ ಮೊದಲೇ ಮಾಡಿದ ಕೆಲಸಗಳಿವು. ಮುಂದೆ ಜಮ್‌ಶೇಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ 1912ರಲ್ಲೇ ಎಂಟು ಗಂಟೆಯ ದಿನ ಬಂತು. ಆದರೆ ಎಲ್ಲ ಮಾಲೀಕರೂ ಟಾಟಾ ಆಗಿರಲಿಲ್ಲ. ಒಬ್ಬ ಒಳ್ಳೆಯ ಮಾಲೀಕನಿಂದ ಒಂದು ಗಿರಣಿ ಸುಧಾರಿಸೀತು, ದೇಶಕ್ಕೆಲ್ಲ ಕಾನೂನೇ ಬೇಕಾಯಿತು.

ಆ ಕಾನೂನು ಬಂದದ್ದು ಹನಿಹನಿಯಾಗಿ. 1881ರ ಫ್ಯಾಕ್ಟರಿ ಕಾಯ್ದೆ ಮಕ್ಕಳನ್ನು ಮಾತ್ರ ನೋಡಿತು: ಏಳು ವರ್ಷದೊಳಗಿನವರು ಕೆಲಸಕ್ಕೆ ಬೇಡ, ಏಳರಿಂದ ಹನ್ನೆರಡರವರಿಗೆ ಒಂಬತ್ತು ಗಂಟೆ. ದೊಡ್ಡವರಿಗೆ ಮಿತಿಯೇ ಇಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗಾಗಿ ನಿಂತವರು ನಾರಾಯಣ ಮೇಘಾಜಿ ಲೋಖಂಡೆ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು, 'ದೀನಬಂಧು' ಪತ್ರಿಕೆ ನಡೆಸಿದವರು. 1884ರಲ್ಲಿ ಸಭೆ ಸೇರಿಸಿ, ಸಾವಿರಾರು ಕಾರ್ಮಿಕರ ಸಹಿ ಹಾಕಿಸಿ ವಾರಕ್ಕೊಂದು ರಜೆ ಕೇಳಿದರು. ಸಿಕ್ಕಿದ್ದು 1890ರ ಜೂನ್ 10ರಂದು. ನಾವು ಹುಟ್ಟಿದಾಗಿನಿಂದ ಇದೆ ಅಂದುಕೊಳ್ಳುವ ಭಾನುವಾರದ ರಜೆಗೆ ಆರು ವರ್ಷದ ಹೋರಾಟ ಬೇಕಾಯಿತು. ಇದರಲ್ಲಿ ಇಂಗ್ಲೆಂಡಿನ ಲಂಕಾಶೈರ್ ಗಿರಣಿ ಮಾಲೀಕರ ಸ್ವಾರ್ಥವೂ ಇತ್ತೆನ್ನಿ. ಇಲ್ಲಿನ ಗಿರಣಿಗಳು ಹಗಲು ರಾತ್ರಿ ಓಡಿ ಅಗ್ಗದ ಬಟ್ಟೆ ಮಾಡಿದರೆ ಅವರಿಗೆ ನಷ್ಟ. ಆದ್ದರಿಂದ ಭಾರತಕ್ಕೂ ಕಾಯ್ದೆ ಬೇಕು ಎಂದು ಅವರೂ ಒತ್ತಾಯ ಮಾಡುತ್ತಿದ್ದರು.

1911ರಲ್ಲಿ ಬಟ್ಟೆ ಗಿರಣಿಯ ಗಂಡಸರಿಗೆ ದಿನಕ್ಕೆ 12 ಗಂಟೆಯ ಮಿತಿ ಬಂತು. 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54, 1946ರಲ್ಲಿ 48. ಈ ಕೊನೆಯ ಇಳಿತಕ್ಕೆ ದಾರಿ ಮಾಡಿದವರು ಡಾ. ಅಂಬೇಡ್ಕರ್. 1942ರಿಂದ 46ರವರೆಗೆ ಅವರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆಯನ್ನು ನೋಡುತ್ತಿದ್ದರು. ಗಣಿಗಳಲ್ಲಿ 1923ರ ಕಾಯ್ದೆ ನೆಲದಡಿಯ ಕೆಲಸಕ್ಕೆ ವಾರಕ್ಕೆ 54 ಗಂಟೆಯ ಮಿತಿ ಹಾಕಿತ್ತು. 1952ರ ಗಣಿ ಕಾಯ್ದೆ ವಾರಕ್ಕೆ 48, ನೆಲದಡಿ ದಿನಕ್ಕೆ ಎಂಟೇ ಗಂಟೆ ಎಂದಿತು. ಭಾವೂ ಅವರ ಪಾಳಿ ಅಂದರೆ ಇದು. ಇಳಿಯುವ ಮುಂಚೆ ಹಾಜರಿ, ಲ್ಯಾಂಪ್ ರೂಮಿನಲ್ಲಿ ತಲೆಗೆ ಕಟ್ಟುವ ದೀಪ. ಹತ್ತಿ ಬಂದ ಮೇಲೆ ಅದನ್ನು ವಾಪಸ್ ಇಡಬೇಕು. ಪಾಳಿ ಮುಗಿದ ಮೇಲೆ ಒಂದು ದೀಪ ಕಡಿಮೆ ಬಿದ್ದರೂ, ಯಾರೋ ಒಬ್ಬ ಇನ್ನೂ ಕೆಳಗಿದ್ದಾನೆ ಎಂದು ಮೇಲಿನವರಿಗೆ ತಿಳಿಯುತ್ತದೆ.

ಲೆಕ್ಕವಿಡುವುದೆಲ್ಲ ಒಳ್ಳೆಯದೇ ಅಂತಲೂ ಹೇಳಲಾರೆ. ನಮ್ಮ ಕೆಜಿಎಫ್‌ನಲ್ಲಿ 1930ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದ್ದು ಬೆರಳಚ್ಚು ಹಾಕಿಸಿ ನೋಂದಣಿ ಮಾಡುವುದರ ವಿರುದ್ಧ. ಯಾರ ಲೆಕ್ಕವನ್ನು ಯಾರು ಯಾತಕ್ಕೆ ಇಡುತ್ತಾರೆ ಎನ್ನುವುದು ಮುಖ್ಯ. ಮಾಲೀಕನ ಅನುಕೂಲಕ್ಕೆ ಆಳನ್ನು ಎಣಿಸುವುದು ಒಂದು, ಆಳಿನ ಗಂಟೆಯನ್ನು ಕಾನೂನಿಗೆ ತೋರಿಸಲು ಎಣಿಸುವುದು ಇನ್ನೊಂದು.

ಈ ವ್ಯತ್ಯಾಸ ನನಗೆ ಗೊತ್ತಾದದ್ದು ಬ್ಯಾಂಕಿನಲ್ಲಿ. ಎಂ.ಕಾಂ. ಮುಗಿಸಿ 1982ರಲ್ಲಿ ಗುಮಾಸ್ತನಾಗಿ ಸೇರಿದೆ. 1953ರ ಶಾಸ್ತ್ರಿ ಅವಾರ್ಡ್, 1962ರ ದೇಸಾಯಿ ಅವಾರ್ಡ್, 1966ರ ಮೊದಲ ದ್ವಿಪಕ್ಷೀಯ ಒಪ್ಪಂದ ಇವುಗಳ ದಯದಿಂದ ಗುಮಾಸ್ತರಿಗೆ ವಾರದ ದಿನ ಆರೂವರೆ ಗಂಟೆ, ಶನಿವಾರ ನಾಲ್ಕು ಗಂಟೆ ಕೆಲಸ. ಹೆಚ್ಚು ಕೂತರೆ ಓವರ್‌ಟೈಮ್. ಆಗ ಬ್ಯಾಂಕಿನ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ಮಾರ್ಚ್ 31ಕ್ಕೆ ಬದಲಾದದ್ದು 1989ರಲ್ಲಿ. ಜೂನ್, ಡಿಸೆಂಬರ್ ಕ್ಲೋಸಿಂಗ್ ಅಂದರೆ ರಾತ್ರಿಯೆಲ್ಲ ಲೆಡ್ಜರ್ ಕೂಡುವುದು. ಹತ್ತು ಪೈಸೆ ವ್ಯತ್ಯಾಸ ಬಂದರೂ ಮನೆಗೆ ಹೋಗುವಂತಿಲ್ಲ. ಆದರೆ ಆ ರಾತ್ರಿಗಳಿಗೂ ಒಂದು ಬೆಲೆ ಇತ್ತು, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿ ಪಡೆಯುತ್ತಿದ್ದೆವು.

1990ರಲ್ಲಿ ಬಡ್ತಿ ಬಂದು ಆಫೀಸರ್ ಆದೆ. ಮನೆಯಲ್ಲಿ ಪಾಯಸ. ಮರುದಿನದಿಂದ ಅದೇ ಹಾಲ್, ಅದೇ ಲೆಡ್ಜರು, ಗಂಟೆ ಲೆಕ್ಕದ ಓವರ್‌ಟೈಮ್ ಮಾತ್ರ ಇಲ್ಲ. 1979ರ ಅಧಿಕಾರಿಗಳ ಸೇವಾ ನಿಯಮದ ಕೆಳಗೆ ಬಂದವನಿಗೆ ಕೆಲಸದ ಗಂಟೆಯ ಗೋಡೆಯಿಲ್ಲ. ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಆಡಳಿತ ನಡೆಸುವವನು 'ಕಾರ್ಮಿಕ'ನಲ್ಲ. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಸಾಲು ಬೀದಿಯ ತನಕ ನಿಂತಿತ್ತು, ಶನಿವಾರ ಭಾನುವಾರವೂ ಬ್ಯಾಂಕು ತೆರೆದಿತ್ತು. ರಾತ್ರಿ ನಗದು ಎಣಿಸಿ ಮುಗಿಸಿ ಬೀಗ ಹಾಕುತ್ತಿದ್ದವನು ನಾನು. ಎಷ್ಟು ಗಂಟೆ ದುಡಿದೆ ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ದರ್ಜೆ ಏರಿದ ಹಾಗೆ ಗಡಿಯಾರ ಇಳಿಯಿತು ಅನ್ನಬಹುದು.

ವಿಡಿಯೋ ಗೇಮಿನ ಹುಡುಗರ ಕಥೆಯೂ ಈ ಗೆರೆಯ ಮೇಲೆಯೇ ನಿಂತಿದೆ. ಗೇಮ್ ಬಿಡುಗಡೆಯ ದಿನ ಮೊದಲೇ ನಿಗದಿಯಾಗಿರುತ್ತದೆ. ಜಾಹೀರಾತು ಹೋಗಿರುತ್ತದೆ, ಹಬ್ಬದ ವ್ಯಾಪಾರ ತಪ್ಪಬಾರದು. ಕೆಲಸ ಮಾತ್ರ ಅಂದುಕೊಂಡ ಹಾಗೆ ಮುಗಿಯುವುದಿಲ್ಲ. ಆಗ ಕೊನೆಯ ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಟ್ಟಲೆ, ಹಗಲು ರಾತ್ರಿ ಕೂಡಿಸುತ್ತಾರೆ. ಆ ಉದ್ಯಮದಲ್ಲಿ ಇದಕ್ಕೆ 'ಕ್ರಂಚ್' ಎಂದು ಹೆಸರು. ನಮ್ಮ ಕ್ಲೋಸಿಂಗ್ ಇದ್ದ ಹಾಗೆ, ಆದರೆ ಅದು ಒಂದು ರಾತ್ರಿಗೆ ಮುಗಿಯುತ್ತಿತ್ತು. 2004ರ ನವೆಂಬರ್‌ನಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಒಬ್ಬ ನೌಕರನ ಜೊತೆಗಾತಿ ಹೆಸರು ಹಾಕದೆ ಒಂದು ಬಹಿರಂಗ ಪತ್ರ ಬರೆದಳು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹತ್ತು, ವಾರದ ಏಳೂ ದಿನ, ಹೆಚ್ಚುಕಡಿಮೆ 85 ಗಂಟೆ ಎಂದು ಅದರಲ್ಲಿತ್ತು. ಎರಿನ್ ಹಾಫ್‌ಮನ್ ಎಂಬ ಹೆಸರು ಆಮೇಲೆ ಹೊರಬಂತು. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಒಂದು ಬಗೆಯ ಕಂಪ್ಯೂಟರ್ ವೃತ್ತಿಪರರಿಗೆ ಓವರ್‌ಟೈಮ್ ಇಲ್ಲ. ನಾವು ಆ ಗುಂಪಿಗೆ ಸೇರುವವರಲ್ಲ ಎಂದು ನೌಕರರು ಕೋರ್ಟಿಗೆ ಹೋದರು. ರಾಜಿಯಲ್ಲಿ ಕಂಪನಿ ಕಲಾವಿದರಿಗೆ 1.56 ಕೋಟಿ ಡಾಲರ್, 2006ರಲ್ಲಿ ಪ್ರೋಗ್ರಾಮರ್‌ಗಳಿಗೆ 1.49 ಕೋಟಿ ಡಾಲರ್ ಕೊಡಲು ಒಪ್ಪಿತು. ಕೆಳಹಂತದ ಕಲಾವಿದರಿಗೆ ಓವರ್‌ಟೈಮ್ ಸಿಗುವಂತಾಯಿತು. ಗೆದ್ದದ್ದು ಗಂಟೆಯ ಮೇಲಿನ ವಾದದಿಂದ ಎನ್ನುವುದಕ್ಕಿಂತ, ಇವರು ಆಫೀಸರೋ ಗುಮಾಸ್ತರೋ ಎಂಬ ವಾದದಿಂದ ಎನ್ನಬೇಕು.

ಈಗ ಬೆಂಗಳೂರು. 1997ರಲ್ಲಿ ರಾಜೇಶ್ ರಾವ್ ಅಲ್ಲಿ ಧ್ರುವ ಇಂಟರ್ಯಾಕ್ಟಿವ್ ಶುರುಮಾಡಿದಾಗ ನಮ್ಮ ದೇಶದಲ್ಲಿ ಗೇಮ್ ಮಾಡುವ ಕಂಪನಿ ಎಂದರೆ ಹೊಸ ಮಾತು. ಫೋರ್ಜಾ ಮೊದಲಾದ ಹೆಸರಾಂತ ಗೇಮ್‌ಗಳಿಗೆ ಅಲ್ಲಿ ಕಲೆಯ ಕೆಲಸ ಆಯಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡು ತನ್ನ ಬೆಂಗಳೂರು ಸ್ಟುಡಿಯೋದಲ್ಲಿ ಸೇರಿಸಿಕೊಂಡಿತು. ಕರ್ನಾಟಕ ಸರ್ಕಾರ ಅನಿಮೇಶನ್, ಗೇಮಿಂಗ್‌ಗೆಂದೇ 2012ರಲ್ಲಿ ನೀತಿ ತಂದಿತು, ರಾಜ್ಯಗಳಲ್ಲಿ ಅದೇ ಮೊದಲು. ಹೆಮ್ಮೆಯ ವಿಷಯವೇ. ಸಾವನೇರ್‌ನಂಥ ಊರಿನ ಹುಡುಗನಿಗೂ ಅದರಿಂದ ಅನ್ನ ಸಿಕ್ಕಿದೆ.

ಇನ್ನೊಂದು ಪುಟವನ್ನೂ ಓದಬೇಕು. ಕೆಲಸದ ಹೊತ್ತು, ಪಾಳಿ, ರಜೆ, ಶಿಸ್ತಿನ ಕ್ರಮ ಇವನ್ನೆಲ್ಲ ಮಾಲೀಕ ಬರೆದು ತೋರಿಸಬೇಕು ಎಂಬುದು 1946ರ ಸ್ಥಾಯಿ ಆದೇಶಗಳ ಕಾಯ್ದೆ. ಐಟಿ, ಅನಿಮೇಶನ್, ಗೇಮಿಂಗ್ ಕಂಪನಿಗಳಿಗೆ ಕರ್ನಾಟಕ ಇದರಿಂದ ವಿನಾಯಿತಿ ಕೊಡುತ್ತ ಬಂತು. 2014ರಲ್ಲಿ ಐದು ವರ್ಷ, 2019ರಲ್ಲಿ ಮತ್ತೆ ಐದು, 2024ರಲ್ಲಿ ಇನ್ನೂ ಐದು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. 2024ರ ಜುಲೈನಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆಯ ತನಕ ದುಡಿಸಲು ಅವಕಾಶ ಕೊಡುವ ಮಾತು ಬಂದಾಗ ರಾಜ್ಯದ ಐಟಿ ನೌಕರರ ಸಂಘ ಬೀದಿಗಿಳಿಯಿತು. 1911ರಲ್ಲಿ ಗಿರಣಿಯ ಗಂಡಸರಿಗೆ ಕೊಟ್ಟ ಮಿತಿ ಹನ್ನೆರಡು ಗಂಟೆ ಎಂಬುದನ್ನು ಓದುಗರು ಒಮ್ಮೆ ನೆನಪಿಸಿಕೊಳ್ಳಬೇಕು.

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಆ 1946ರ ಕಾಯ್ದೆಯೂ 1952ರ ಗಣಿ ಕಾಯ್ದೆಯೂ ಅವುಗಳಲ್ಲಿ ಸೇರಿಹೋದವು. ವಾರಕ್ಕೆ 48 ಗಂಟೆ ಎಂಬ ಗೆರೆ ಉಳಿದಿದೆ. ಕಾರ್ಮಿಕ ಯಾರು ಎಂಬ ಗೆರೆಯೂ ಉಳಿದಿದೆ: ಆಡಳಿತದ ಹುದ್ದೆಯವರು ಹೊರಗೆ, ತಿಂಗಳಿಗೆ 18,000 ರೂಪಾಯಿ ಮೀರಿ ಪಡೆಯುವ ಮೇಲ್ವಿಚಾರಕರೂ ಹೊರಗೆ. ಬೆಂಗಳೂರಿನಲ್ಲಿ ಆ ಮೊತ್ತಕ್ಕೆ ಒಂದು ಸಾಧಾರಣ ಮನೆಯ ಬಾಡಿಗೆ ಕಟ್ಟುವುದೇ ಕಷ್ಟ. ಹುಡುಗರ ಕಾರ್ಡಿನಲ್ಲಿ 'ಲೀಡ್', 'ಸೀನಿಯರ್', 'ಮ್ಯಾನೇಜರ್' ಎಂಬ ಪದ ಸೇರಿದಾಗ ಮನೆಯವರು ಸಿಹಿ ಹಂಚುತ್ತೇವೆ. ಆ ಪದ ಕಾನೂನಿನ ಯಾವ ಕಡೆಗೆ ತಳ್ಳುತ್ತದೆ ಎಂದು ಕೇಳುವವರು ಕಡಿಮೆ.

ಭಾವೂ ಅವರ ಮಗ ಮರುದಿನ ಚಹಾಕ್ಕೆ ಬಂದಾಗ ನಾನು ಹೇಳಿದ್ದು ಇಷ್ಟೇ: "ನೋಡಪ್ಪ, ಬ್ಯಾಂಕಿನವನು ನಾನು. ಬರೆದಿಡದ ಲೆಕ್ಕ ಲೆಕ್ಕವೇ ಅಲ್ಲ. ಬಂದ ಹೊತ್ತು, ಬಿಟ್ಟ ಹೊತ್ತು ದಿನಾ ಬರಿ." "ಕಾಕಾ, ನನಗೆ ಈ ಕೆಲಸ ಇಷ್ಟ," ಅಂದ. ಇಷ್ಟ ಇರುವುದೇ ಅಲ್ಲಿ ಬಂಡವಾಳ. ಸಣ್ಣವನಿದ್ದಾಗಿನಿಂದ ಗೇಮ್ ಆಡಿ ಬೆಳೆದವನಿಗೆ ಅದನ್ನು ಮಾಡುವ ಕೆಲಸ ಸಿಕ್ಕರೆ ಗಂಟೆ ಕೇಳಲು ನಾಚಿಕೆ. ಆದರೂ ಬರೆದ. ಮೂರು ವಾರದ್ದನ್ನು ಕಳಿಸಿದ: 71, 78, 74. ಅವನ ತಂಡದ ಇನ್ನೂ ನಾಲ್ವರು ಬರೆಯತೊಡಗಿದರು. ಐವರೂ ಕೂಡಿ ಆ ಹಾಳೆಗಳನ್ನು ಮೇಲಿನವರ ಮುಂದಿಟ್ಟರು. ದುಡ್ಡೇನೂ ಬರಲಿಲ್ಲ. ರಾತ್ರಿ ಹನ್ನೊಂದು ದಾಟಿದರೆ ಮರುದಿನ ಮಧ್ಯಾಹ್ನ ಬಂದರೆ ಸಾಕು, ಭಾನುವಾರ ಕರೆದರೆ ಬೇರೆ ದಿನ ರಜೆ ಎಂದು ಒಂದು ಮೇಲ್ ಬಂತು. ಲೋಖಂಡೆಯವರ ಭಾನುವಾರ ನೂರಮೂವತ್ತು ವರ್ಷ ದಾಟಿದ ಮೇಲೆ ಮತ್ತೊಮ್ಮೆ ಸಿಕ್ಕ ಹಾಗಾಯಿತು.

ಭಾವೂ ಅವರಿಗೆ ಇದನ್ನು ವಿವರಿಸಿದೆ. ಅವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು: "ಆ ಹಾಳೆ ನೋಡೋಕೆ ಸರ್ಕಾರದವರು ಯಾರಾದರೂ ಬರ್ತಾರಾ, ನಮ್ಮಲ್ಲಿ ಇನ್ಸ್‌ಪೆಕ್ಟರ್ ಬರ್ತಿದ್ದ ಹಾಗೆ?" ಊರಿನಲ್ಲಿರುವ ಓದುಗರಲ್ಲಿ ಎಷ್ಟೋ ಮಂದಿಯ ಮಕ್ಕಳು ಇಂಥ ಕೆಲಸದಲ್ಲಿದ್ದಾರೆ. ವಿಧಾನಸೌಧ ನಿಮಗೆ ಹತ್ತಿರ, ನನಗೆ ದೂರ. ಈ ಪ್ರಶ್ನೆಯನ್ನು ಅಲ್ಲಿ ಕೇಳಬೇಕಾದವರು ನೀವು.