ಸೈನಿಕ ಶಿಬಿರ ಜೀವನ ಮತ್ತು ಮನೆಯ ನಂಟು

ಸೈನಿಕ ಶಿಬಿರ ಜೀವನ ಎಂದರೆ ಭೂಸೇನೆಗೆ ಹೊಸದಾಗಿ ಸೇರಿದ ಯುವಕನು ಮೊದಲು ತರಬೇತಿ ಕೇಂದ್ರದಲ್ಲಿಯೂ ಅನಂತರ ತನ್ನ ಘಟಕದಲ್ಲಿಯೂ ನಡೆಸುವ ಸಾಮೂಹಿಕ ವಾಸ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಂಥ ಊರಿನಿಂದ ‘ಮಿಲಿಟ್ರಿಗೆ’ ಹೋದ ಹುಡುಗನಿಗೂ ಅವನ ಮನೆಗೂ ಉಳಿಯುವ ನಂಟು ಮಮತೆಯೊಂದರಿಂದಲೇ ನಿಲ್ಲುವುದಿಲ್ಲ. ರಜೆ, ಅಂಚೆ, ಸಂಬಳ ಮತ್ತು ದಾಖಲೆಗಳ ನಿಯಮಗಳೇ ಅದರ ಅಳತೆಯನ್ನು ಬಹುಮಟ್ಟಿಗೆ ಗೊತ್ತುಮಾಡುತ್ತವೆ.

ಈ ಸೀಮೆಗೆ ಹತ್ತಿರದ ದೊಡ್ಡ ತರಬೇತಿ ಕೇಂದ್ರಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯ ಬಳಿಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಒಂದು. 1780ರಷ್ಟು ಹಿಂದಿನ ಮೂಲವುಳ್ಳ ಈ ದಳವು 1834ರಲ್ಲಿ ಬೆಂಗಳೂರಿಗೆ ಬಂದಿತು. ಸೇತುವೆ ಕಟ್ಟುವ, ದಾರಿ ಮಾಡುವ, ನೆಲಬಾಂಬುಗಳನ್ನು ತೆಗೆಯುವ ಇದರ ಸೈನಿಕರಿಗೆ ಸ್ಯಾಪರ್ ಎಂದು ಹೆಸರು. ಕೇಂದ್ರವು ಊರಿಗೆ ಬಸ್ಸಿನ ದಾರಿಯಷ್ಟೇ ಹತ್ತಿರವಿದ್ದರೂ ಅನುಮತಿಯಿಲ್ಲದೆ ಗೇಟು ದಾಟುವಂತಿಲ್ಲವಾದ್ದರಿಂದ, ತರಬೇತಿಯ ತಿಂಗಳುಗಳಲ್ಲಿ ಹತ್ತಿರವೆಂಬುದಕ್ಕೆ ಹೆಚ್ಚಿನ ಅರ್ಥವಿರುವುದಿಲ್ಲ. ಬೆಳಗಿನ ಪಿ.ಟಿ., ಡ್ರಿಲ್, ಆಯುಧಾಭ್ಯಾಸ, ಸಂಜೆಯ ರೋಲ್‌ಕಾಲ್ ಎಂದು ದಿನ ಸಾಗುತ್ತದೆ. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡಿ ಶಾಲೆಯಲ್ಲಿ ಕನ್ನಡ ಕಲಿತವನು ಇಲ್ಲಿ ಹಿಂದಿಯ ಆಜ್ಞೆಗಳಿಗೂ, ‘ಉಸ್ತಾದ್’ ಎಂದು ಕರೆಯಲಾಗುವ ತರಬೇತುದಾರನಿಗೂ, ಲಂಗರಿನ, ಅಂದರೆ ಸಾಮೂಹಿಕ ಅಡುಗೆಮನೆಯ, ರೊಟ್ಟಿಗೂ ಒಗ್ಗಿಕೊಳ್ಳುತ್ತಾನೆ. ಮುದ್ದೆಯ ನೆನಪು ಮಾತ್ರ ಬೇಗ ಬಿಡುವುದಿಲ್ಲ. ಅನೇಕ ಘಟಕಗಳಲ್ಲಿ ಎಲ್ಲ ಮತಗಳ ಪ್ರಾರ್ಥನೆಗೂ ಒಂದೇ ಸೂರಿನಡಿ ಎಡೆಕೊಡುವ ‘ಸರ್ವಧರ್ಮ ಸ್ಥಳ’ ಇರುತ್ತದೆ. ಹಿಂದೂಗಳೂ ಮುಸ್ಲಿಮರೂ ಹರಕೆ ಹೊತ್ತು ಬರುವ ಅಮ್ಮಾಜಾನ್ ಬಾವಾಜಾನ್ ದರ್ಗಾದ ಊರಾದ ಮುರುಗಮಲ್ಲದವನಿಗೆ ಈ ಏರ್ಪಾಡು ಅಷ್ಟೇನೂ ಹೊಸತೆನಿಸಲಾರದು.

ಗಡಿಯ ಕಡೆಗೆ ವರ್ಗವಾದಮೇಲೆ ಸೈನಿಕನ ವಿಳಾಸದಲ್ಲಿ ಊರಿನ ಹೆಸರೇ ಇರುವುದಿಲ್ಲ. ಸಂಖ್ಯೆ, ದರ್ಜೆ, ಹೆಸರು, ಘಟಕಗಳನ್ನು ಬರೆದು ‘56 ಎಪಿಒ’ ಅಥವಾ ‘99 ಎಪಿಒ’ ಎಂಬ ಸೇನಾ ಅಂಚೆಯ ಗುರುತನ್ನು ಸೇರಿಸಿದರೆ ಕಾಗದ ತಲಪುತ್ತದೆ. ಹೀಗಾಗಿ ಮಗನಿಗೆ ಕಾಗದ ಬರೆಯುತ್ತಿದ್ದ ತಾಯಿತಂದೆಗೆ ಅವನಿರುವ ಜಾಗ ತಿಳಿಯದಿರುವುದು ಸಹಜವಾಗಿತ್ತು. ಮೊಬೈಲು ಬಂದಮೇಲೆ ಈ ಮರೆ ತೆಳುವಾಗಿದೆ, ಪೂರ್ತಿ ಸರಿದಿಲ್ಲ. ಇದಕ್ಕಿಂತ ಗಟ್ಟಿಯಾದ, ಆದರೆ ಕಥೆ ಸಿನಿಮಾಗಳು ಅಷ್ಟಾಗಿ ಗಮನಿಸದ ಕೊಂಡಿಯೆಂದರೆ ‘ಪಾರ್ಟ್ ಟು ಆರ್ಡರ್’: ಮದುವೆ, ಮಕ್ಕಳ ಜನನ ಮುಂತಾದವು ಈ ಆದೇಶದ ಮೂಲಕ ಸೇವಾ ದಾಖಲೆಗೆ ಸೇರಬೇಕು, ದಾಖಲೆಯಲ್ಲಿ ಒಂದು ಹೆಸರು, ಆಧಾರ್ ಚೀಟಿಯಲ್ಲಿ ಇನ್ನೊಂದು ಎಂದಾದರೆ ಮನೆಯವರು ಮುಂದೆ ಸವಲತ್ತುಗಳಿಗಾಗಿ ಅಲೆಯಬೇಕಾಗುತ್ತದೆ.

ಹಳೆಯ ಪದ್ಧತಿಯಲ್ಲಿ ಸೇರಿದ ಜವಾನನಿಗೆ ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆ ಹಾಗೂ 30 ದಿನಗಳ ಸಾಂದರ್ಭಿಕ ರಜೆ ಉಂಟು. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷಗಳಿಗೆ ಸೇರುವ ಅಗ್ನಿವೀರನಿಗಾದರೋ ವಾರ್ಷಿಕ ರಜೆ 30 ದಿನ ಮಾತ್ರ. ರೇಷ್ಮೆಹುಳು ಸಾಕುವ ಚಿಂತಾಮಣಿ, ಶಿಡ್ಲಘಟ್ಟಗಳ ಮನೆಗಳಲ್ಲಿ ಇದರ ಲೆಕ್ಕ ಸುಲಭ: ಮೊಟ್ಟೆಯೊಡೆದ ಹುಳು ಗೂಡು ಕಟ್ಟುವಷ್ಟರಲ್ಲಿ ಆ ರಜೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಅಗ್ನಿವೀರನ ಮೊದಲ ವರ್ಷದ ತಿಂಗಳ ವೇತನ 30,000 ರೂಪಾಯಿಯಲ್ಲಿ 9,000 ‘ಸೇವಾ ನಿಧಿ’ಗೆ ಹೋಗಿ 21,000 ಕೈಗೆ ಬರುತ್ತದೆ; ನಿಧಿಗೆ ಸರ್ಕಾರವೂ ಅಷ್ಟೇ ಮೊತ್ತವನ್ನು ಸೇರಿಸುತ್ತದೆ. ನಾಲ್ಕು ವರ್ಷಗಳ ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ದೊರೆಯುವುದೆಂದು ಯೋಜನೆ ಪ್ರಕಟವಾದಾಗ ಲೆಕ್ಕ ಹಾಕಲಾಗಿತ್ತು. ಹಿಂದೆ 15 ವರ್ಷ ಪೂರೈಸಿ ಪಿಂಚಣಿಯೊಡನೆ ನಡುವಯಸ್ಸಿನ ಹೊಸ್ತಿಲಲ್ಲಿ ಮರಳುತ್ತಿದ್ದವನ ಜಾಗದಲ್ಲಿ, ಕಾಯಂ ಸೇವೆಗೆ ಆಯ್ಕೆಯಾಗುವ ಶೇಕಡ 25ರವರೆಗಿನವರನ್ನು ಬಿಟ್ಟು, ಉಳಿದವರು ಇಪ್ಪತ್ತರ ಹರೆಯದಲ್ಲೇ ಪಿಂಚಣಿಯಿಲ್ಲದೆ, ಒಮ್ಮೆಗೆ ಬರುವ ಈ ಹಣದೊಡನೆ ಮನೆಗೆ ಹಿಂದಿರುಗುತ್ತಾರೆ.