ಕ್ಯಾಮರಾಕ್ಕೊಂದು ಕ್ಷೇಮಪತ್ರ

ಕೋಲಾರದ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ಸ್ ಆಳಕ್ಕೆ ಹೆಸರಾದುದು. 1960ರ ದಶಕದಲ್ಲಿ ಇಲ್ಲಿಯ ಹೀತ್‌ಕೋಟ್ ಷಾಫ್ಟಿನಲ್ಲಿ, ಎರಡು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ, ವಿಜ್ಞಾನಿಗಳ ಉಪಕರಣಗಳು ಇಳಿದುವು. ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣದ ಸುಳಿವನ್ನು ಹಿಡಿಯುವುದಕ್ಕಾಗಿ, ನಿಯಾನ್ ಕೊಳವೆಗಳಲ್ಲಿ ಮಿಂಚಿದ ಬೆಳಕನ್ನು ಕ್ಯಾಮರಾಗಳು ಚಿತ್ರಿಸಿಕೊಂಡುವು. 1965ರಲ್ಲಿ ಅದರ ಫಲ ಲೋಕಕ್ಕೆ ತಿಳಿಯಿತು.

ಬೆಲೆಬಾಳುವ ಯಾವ ಉಪಕರಣಕ್ಕಾದರೂ ಮೂರು ಭಯಗಳುಂಟು: ಕಳವು, ಹಾನಿ, ಕೆಟ್ಟುನಿಲ್ಲುವುದು. ಗಣಿಯೂರಿಗೆ ಈ ಮೂರೂ ಹೊಸವಲ್ಲ. ಚಿನ್ನದ ಕಳವಿಗಾಗಿ ಕಾವಲಿತ್ತು. ಬಂಡೆಗಳು ಒತ್ತಡಕ್ಕೆ ಸಿಡಿದು ಸುರಂಗಗಳು ಕುಸಿಯುತ್ತಿದ್ದುವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದ ಮೇಲೆ ಯಂತ್ರವೊಂದು ನಿಂತರೆ ಕೆಲಸವೇ ನಿಲ್ಲುವಂತಾಯಿತು. ಆದರೆ ದೊಡ್ಡ ಕಂಪೆನಿಯ ನಷ್ಟ ಅನೇಕ ಪಾಲುದಾರರಲ್ಲಿ ಹಂಚಿಹೋಗುತ್ತದೆ. ಒಂದೇ ಕ್ಯಾಮರಾದಿಂದ ಸಂಸಾರ ಸಾಗಿಸುವವನು ತನ್ನ ನಷ್ಟವನ್ನು ಯಾರೊಡನೆ ಹಂಚಿಕೊಳ್ಳಬೇಕು? ಈ ಪ್ರಶ್ನೆಗೆ ದೊರೆತ ಉತ್ತರವೇ ವಿಮೆ.

ಪ್ರಶ್ನೆಯಾದರೋ ಬಹಳ ಹಳೆಯದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ಹೆಸರಾಂತ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯಲ್ಲಿ ನಮಗೆ ಬೇಕಾದ ಮೂರು ವಿಧಿಗಳಿವೆ. ಕಳ್ಳರು ಒಯ್ದ ಒಡವೆಯನ್ನು ಪ್ರಜೆಗೆ ತಲುಪಿಸುವುದು ಅರಸನ ಹೊಣೆ. ನಂಬಿ ಇರಿಸಿದ ಒಡವೆಯು ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ, ಇಟ್ಟುಕೊಂಡವನು ತೆರಬೇಕಾಗಿಲ್ಲ. ಇನ್ನು ಸಾಲದ ಮಾತು: ಕಾಡುದಾರಿಯಲ್ಲಿ ಹೋಗುವ ವರ್ತಕನಿಗೆ ತಿಂಗಳಿಗೆ ನೂರಕ್ಕೆ ಹತ್ತು, ಕಡಲ ಮೇಲೆ ಹೋಗುವವನಿಗೆ ನೂರಕ್ಕೆ ಇಪ್ಪತ್ತು ಬಡ್ಡಿ. ಅಪಾಯ ಹೆಚ್ಚಿದಂತೆ ಬಡ್ಡಿಯೂ ಹೆಚ್ಚು. ಅಪಾಯಕ್ಕೆ ಬೆಲೆ ಕಟ್ಟುವ ಈ ಲೆಕ್ಕಾಚಾರವೇ ವಿಮೆಯ ಬೀಜವೆನ್ನಬಹುದು.

ಬೀಜವು ಮರವಾದದ್ದು ಯೂರೋಪಿನಲ್ಲಿ. ಅದೂ ಕೊಂಬೆ ಕೊಂಬೆಯಾಗಿ. ಮೊದಲು ಹಡಗಿನ ವಿಮೆ. 1666ರಲ್ಲಿ ಲಂಡನ್ ನಗರ ಉರಿದ ಮೇಲೆ ಬೆಂಕಿಯ ವಿಮೆ. ಕಳ್ಳತನಕ್ಕೆ ವಿಮೆ ಬರಲು ಮತ್ತೆ ಎರಡು ಶತಮಾನಗಳೇ ಕಳೆದುವು: 1880ರ ದಶಕದಲ್ಲಿ ಲಾಯ್ಡ್ಸ್ ಸಂಸ್ಥೆಯ ಕತ್‌ಬರ್ಟ್ ಹೀತ್ ಎಂಬಾತನು ಅದನ್ನು ಬಳಕೆಗೆ ತಂದನು. ಯಂತ್ರಗಳ ವಿಷಯದಲ್ಲಿ ದಾರಿ ತೋರಿದವರು ಮ್ಯಾಂಚೆಸ್ಟರಿನವರು. ಉಗಿಯ ಬಾಯ್ಲರುಗಳು ಸಿಡಿದು ಜನ ಸಾಯುತ್ತಿದ್ದುದರಿಂದ, 1850ರ ದಶಕದಲ್ಲಿ ಅಲ್ಲಿ ಬಾಯ್ಲರ್ ತಪಾಸಣೆಯ ಸಂಘ ಹುಟ್ಟಿತು. ವಿಮೆ ಅದನ್ನು ಹಿಂಬಾಲಿಸಿತು. ಯಂತ್ರ ಕೆಟ್ಟುನಿಲ್ಲುವುದಕ್ಕೇ ಒಂದು ವಿಮೆಯನ್ನು ಜರ್ಮನಿಯ ಅಲಿಯಾನ್ಸ್ ಕಂಪೆನಿ 1900ರಲ್ಲಿ ಆರಂಭಿಸಿತು. ನಮ್ಮ ದೇಶದಲ್ಲಿ 1850ರಲ್ಲೇ ಕಲ್ಕತ್ತೆಯಲ್ಲಿ ಟ್ರೈಟನ್ ಕಂಪೆನಿ ಸಾಮಾನ್ಯ ವಿಮೆಯ ವ್ಯವಹಾರ ತೊಡಗಿತ್ತು. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡು ನೂರಕ್ಕೆ ಮಿಕ್ಕ ಸಂಸ್ಥೆಗಳು ನಾಲ್ಕು ಕಂಪೆನಿಗಳಾದುವು. 2000ದಿಂದ ಈಚೆಗೆ ಖಾಸಗಿಯವರೂ ಮತ್ತೆ ಬಂದಿದ್ದಾರೆ.

ಈ ಚರಿತ್ರೆ ಗೃಹಸ್ಥನಿಗೆ ಏಕೆ ಬೇಕು? ಮೂರು ಭಯಗಳಿಗೆ ಮೂರು ಕಾಲದಲ್ಲಿ ಬೇರೆ ಬೇರೆ ಪತ್ರಗಳು ಹುಟ್ಟಿದುದರಿಂದ, ಒಂದು ಪತ್ರವಿದ್ದ ಮಾತ್ರಕ್ಕೆ ಮೂರಕ್ಕೂ ರಕ್ಷೆಯಿದೆಯೆಂದು ತಿಳಿಯಲಾಗದು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಇಲ್ಲಿಯವರು ಅನೇಕರು ದುಡಿಮೆಗಾಗಿ ಬೆಂಗಳೂರಿನ ದಾರಿ ಹಿಡಿದರು. ಮದುವೆಯ ಚಿತ್ರ ತೆಗೆಯಲು ಒಬ್ಬಾತ ಚಾಂಪಿಯನ್ ನಿಲ್ದಾಣದಲ್ಲಿ ರೈಲು ಹತ್ತಿ ಬಂಗಾರಪೇಟೆಯ ಮಾರ್ಗವಾಗಿ ಹೊರಟನೆನ್ನೋಣ. ಅವನ ಅಂಗಡಿಗೆ ಬೆಂಕಿಯ ವಿಮೆಯುಂಟು. ರೈಲಿನಲ್ಲಿ ಚೀಲ ಕಳುವಾದರೆ ಅದು ಉಪಯೋಗಕ್ಕೆ ಬಾರದು. ಕನ್ನದ ವಿಮೆಯೂ ಸಾಮಾನ್ಯವಾಗಿ ಬೀಗ ಮುರಿದು ಒಳನುಗ್ಗಿದ ಕಳ್ಳತನಕ್ಕೆ ಮಾತ್ರ. ಕೈಜಾರಿ ಬಿದ್ದು ಲೆನ್ಸು ಒಡೆದರೆ ‘ಆಲ್ ರಿಸ್ಕ್’ ಎಂಬ ಪತ್ರ ಬೇಕು. ಒಳಗಿನ ವಿದ್ಯುತ್ ದೋಷಕ್ಕೆ ಎಲೆಕ್ಟ್ರಾನಿಕ್ ಉಪಕರಣಗಳ ವಿಮೆ ಬೇರೆ. ಸವೆತಕ್ಕೂ ಬೂಷ್ಟು ಹಿಡಿದುದಕ್ಕೂ ಸಾಮಾನ್ಯವಾಗಿ ಯಾವ ಕಂಪೆನಿಯೂ ಹಣ ಕೊಡುವುದಿಲ್ಲ. ಅದು ಅಪಘಾತವಲ್ಲ, ಕಾಲಧರ್ಮ.

ಲೆಕ್ಕದಲ್ಲಿಯೂ ಒಂದು ತೊಡಕುಂಟು. ಎರಡು ಲಕ್ಷ ರೂಪಾಯಿ ಬೆಲೆಯ ಸಾಮಾನಿಗೆ ಕಂತು ಉಳಿಸಲೆಂದು ಒಂದು ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದರೆ, ನಲವತ್ತು ಸಾವಿರದ ಹಾನಿಗೆ ಇಪ್ಪತ್ತು ಸಾವಿರ ಮಾತ್ರ ಕೈಸೇರಬಹುದು. ಅರ್ಧ ಬೆಲೆಗೆ ವಿಮೆ ಮಾಡಿಸಿದವನು ಉಳಿದರ್ಧಕ್ಕೆ ತಾನೇ ವಿಮೆಗಾರನಾದನೆಂದು ಇದರ ಅರ್ಥ.

ಆದ್ದರಿಂದ ವಾಚಕರು ಸಹಿ ಹಾಕುವ ಮೊದಲು ಪತ್ರದ ಕೊನೆಯಲ್ಲಿರುವ ‘ಇವಕ್ಕೆ ಅನ್ವಯಿಸದು’ ಎಂಬ ಭಾಗವನ್ನು ಮೊದಲು ಓದುವುದು ಮೇಲು. ಕೊಂಡ ರಸೀದಿಯನ್ನೂ ಕ್ಯಾಮರಾ ಮತ್ತು ಲೆನ್ಸುಗಳ ಮೇಲಿನ ಕ್ರಮಸಂಖ್ಯೆಯನ್ನೂ ಕ್ಯಾಮರಾದ ಚೀಲದಲ್ಲಿಡದೆ ಮನೆಯಲ್ಲಿ ಬೇರೆಯಾಗಿ ಇಟ್ಟಿರಬೇಕು. ಕಳವಾದರೆ ತಡಮಾಡದೆ ಪೊಲೀಸರಿಗೂ ಕಂಪೆನಿಗೂ ತಿಳಿಸಬೇಕು. ಯೋಗಕ್ಷೇಮವೆಂಬ ಮಾತಿನಲ್ಲಿ ಯೋಗವೆಂದರೆ ಇಲ್ಲದ್ದನ್ನು ಪಡೆಯುವುದು, ಕ್ಷೇಮವೆಂದರೆ ಪಡೆದದ್ದನ್ನು ಕಾಪಾಡಿಕೊಳ್ಳುವುದು. ಕ್ಯಾಮರಾ ಕೊಳ್ಳುವಾಗ ಹತ್ತು ಅಂಗಡಿ ಸುತ್ತಿ ವಿಚಾರಿಸುವ ನಾವು, ವಿಮಾಪತ್ರ ಪಡೆಯುವಾಗಲೂ ಅಷ್ಟೇ ವಿಚಾರಿಸಬೇಕು.