ವಿಳಾಸದೊಳಗೆ ವಿಷಯ ಇರಬೇಕಾ?

ಬೆಂಗಳೂರಿನ ಹಳೇ ಪೇಟೆಯ ಹೆಸರುಗಳನ್ನ ಒಮ್ಮೆ ಓದಿ ನೋಡಿ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ... ಅಲ್ಲಿ ಏನು ಸಿಗುತ್ತೆ, ಯಾರು ಇರ್ತಾರೆ ಅನ್ನೋದೇ ವಿಳಾಸ. ಊರಿಗೆ ಹೊಸಬ ಬಂದ್ರೂ ಬಳೆ ಎಲ್ಲಿ ಅಂತ ಹುಡುಕಬೇಕಾಗಿರಲಿಲ್ಲ. ಆಮೇಲೆ ಬಂದ ಬಡಾವಣೆಗಳಲ್ಲಿ ಈ ಪದ್ಧತಿ ಹೋಯ್ತು. ಮನೆ ನಂಬರು, ಕ್ರಾಸು, ಮೇನು, ಅಷ್ಟೆ. ಒಂಬತ್ತನೇ ಕ್ರಾಸಿನಲ್ಲಿ ಡಾಕ್ಟರೂ ಇರಬಹುದು, ದರ್ಜಿಯೂ ಇರಬಹುದು. ವಿಳಾಸ ಅದನ್ನ ಹೇಳೋದಿಲ್ಲ.

ಅಂತರ್ಜಾಲದ ವಿಳಾಸಗಳು ಕೂಡಾ ಶುರುವಿನಿಂದ ಈ ಎರಡು ಪದ್ಧತಿಗಳ ಮಧ್ಯೆ ಓಲಾಡ್ತಾ ಬಂದಿವೆ. ಬರೆಯುವವನು ತಾನೇ ಮಾಡಿಕೊಂಡ ವರ್ಗಗಳು, ಅಂದ್ರೆ 'ಪ್ರವಾಸ', 'ಹರಟೆ', 'ಸಿನಿಮಾ' ಇತ್ಯಾದಿ, ಪುಟದ ವಿಳಾಸದ ಒಳಗೆ ಇರಬೇಕಾ, ಹೊರಗಿರಬೇಕಾ? ಇದು ಬರೀ ಸಾಫ್ಟ್‌ವೇರ್ ಮಂದಿಯ ತಲೆಹರಟೆ ಅಂದ್ಕೋಬೇಡಿ. ಕನ್ನಡದಲ್ಲಿ ಬರೆದದ್ದು ಹತ್ತು ವರ್ಷ ಆದ್ಮೇಲೂ ಕೈಗೆ ಸಿಗುತ್ತಾ ಇಲ್ವಾ ಅನ್ನೋದು ಎಷ್ಟೋ ಸಲ ಈ ಸಣ್ಣ ನಿರ್ಧಾರದ ಮೇಲೇ ನಿಂತಿರುತ್ತೆ.

ಮೊದಲು ಜಿಯೋಸಿಟೀಸ್ ಕಥೆ ಹೇಳ್ತೀನಿ. 1994ರಲ್ಲಿ ಡೇವಿಡ್ ಬೊನೆಟ್ ಮತ್ತು ಜಾನ್ ರೆಜ್ನರ್ ಶುರು ಮಾಡಿದ ಈ ತಾಣ ಥೇಟ್ ನಮ್ಮ ಪೇಟೆಯ ಥರಾನೇ ಇತ್ತು. ಪುಟ ಬೇಕು ಅನ್ನೋರು ಮೊದಲು ಒಂದು ಬೀದಿ ಆರಿಸಿಕೊಳ್ಳಬೇಕಿತ್ತು. ಕಂಪ್ಯೂಟರ್ ವಿಷಯ ಆದ್ರೆ ಸಿಲಿಕಾನ್ ವ್ಯಾಲಿ, ಸಿನಿಮಾ ಆದ್ರೆ ಹಾಲಿವುಡ್, ತತ್ವಶಾಸ್ತ್ರ, ಶಿಕ್ಷಣ ಆದ್ರೆ ಅಥೆನ್ಸ್, ಶಾಸ್ತ್ರೀಯ ಸಂಗೀತ ಆದ್ರೆ ವಿಯೆನ್ನಾ. ಬೀದಿಯ ಹೆಸರಿನ ಮುಂದೆ ನಾಲ್ಕಂಕಿಯ ಮನೆ ನಂಬರು. ಬೀದಿ ತುಂಬಿದ ಹಾಗೆ ಅದಕ್ಕೆ ಉಪಬಡಾವಣೆಗಳೂ ಹುಟ್ಟಿಕೊಂಡವು.

ಓದೋಕೆ ಚೆನ್ನಾಗಿದೆ. ಆದ್ರೆ ಬೀದಿಗಳ ಹೆಸರಿಟ್ಟವರು ಕ್ಯಾಲಿಫೋರ್ನಿಯಾದವರು. ತ್ಯಾಗರಾಜರ ಕೃತಿಗಳ ಬಗ್ಗೆ ಒಂದು ಪುಟ ಮಾಡ್ತೀನಿ ಅಂತ ಹೊರಟವರಿಗೆ ಸಿಗ್ತಿದ್ದ ಹತ್ತಿರದ ಬೀದಿ ವಿಯೆನ್ನಾ! ರಾಜ್‌ಕುಮಾರ್ ಸಿನಿಮಾಗಳ ಬಗ್ಗೆ ಬರೆದರೆ ಮನೆ ಹಾಲಿವುಡ್ಡಿನಲ್ಲಿ :) ಆರಿಸೋದು ನಾವೇ ಆದ್ರೂ ಪಟ್ಟಿ ಬೇರೆಯವರದು. 1999ರಲ್ಲಿ ಯಾಹೂ ಈ ತಾಣವನ್ನ ಕೊಂಡುಕೊಂಡಿತು. ಹೊಸಬರಿಗೆ ಬೀದಿಯ ಬದಲು ಅವರವರ ಹೆಸರಿನಲ್ಲೇ ವಿಳಾಸ ಕೊಡೋಕೆ ಶುರುವಾಯ್ತು. 2009ರ ಅಕ್ಟೋಬರ್ 26ಕ್ಕೆ, ಜಪಾನಿನ ತಾಣ ಒಂದನ್ನ ಬಿಟ್ಟು, ಇಡೀ ಊರಿಗೇ ಬೀಗ ಬಿತ್ತು. ಜಪಾನಿನದ್ದೂ 2019ರಲ್ಲಿ ಮುಚ್ಚಿತು. ಆರ್ಕೈವ್ ಟೀಮ್ ಅನ್ನೋ ಸ್ವಯಂಸೇವಕರ ಗುಂಪು ರಾತ್ರಿ ಹಗಲು ನಕಲು ಮಾಡಿ ಒಂದಷ್ಟನ್ನ ಉಳಿಸಿತು.

ಪಟ್ಟಿ ಬೇರೆಯವರದಾದ್ರೆ ಏನಾಗುತ್ತೆ ಅನ್ನೋದು ಅಂತರ್ಜಾಲಕ್ಕಿಂತ ಹಳೇ ಜಗಳ. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಜಾಗ 894.814. ಇಂಗ್ಲಿಷ್ ಸಾಹಿತ್ಯಕ್ಕೆ 820 ಅಂತ ಇಡೀ ಒಂದು ಓಣಿ, ನಮಗೆ ದಶಮಾಂಶದ ಆಚೆ ಮೂರನೇ ಮನೆ! ಇದನ್ನ ಬೇರೆ ಥರ ಯೋಚಿಸಿದವರು ಎಸ್. ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತರಬೇತಿಗೆ ಲಂಡನ್ನಿಗೆ ಹೋದಾಗ ಅಲ್ಲಿನ ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆ ನೋಡಿದ್ರಂತೆ. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು, ಜೋಡಿಸುವ ರೀತಿ ಬದಲಾದ್ರೆ ಬೇರೆ ಬೇರೆ ಗೊಂಬೆ. ವಿಷಯಗಳನ್ನೂ ಹೀಗೇ ಬಿಡಿಭಾಗಗಳಿಂದ ಜೋಡಿಸಬಹುದಲ್ಲ ಅನ್ನೋ ಯೋಚನೆಯಿಂದ ಬಂದದ್ದೇ 1933ರ ಕೋಲನ್ ವರ್ಗೀಕರಣ. ಒಂದು ಪುಸ್ತಕಕ್ಕೆ ಒಂದೇ ಮುಖ ಅಲ್ಲ. ವಿಷಯ, ಜಾಗ, ಕಾಲ ಅಂತ ಹಲವು ಮುಖ ಇರುತ್ತೆ ಅನ್ನೋದು ಅದರ ಸಾರ. ಇದೇ ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಡಿ.ಆರ್.ಟಿ.ಸಿ. ಅನ್ನೋ ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ನಮ್ಮ ಐಟಿ ರಾಜಧಾನಿಯಲ್ಲಿ ಎಷ್ಟು ಜನ ಇಂಜಿನಿಯರುಗಳಿಗೆ ಈ ಹೆಸರು ಗೊತ್ತು ಹೇಳಿ?

ಈಗ ಮತ್ತೆ ಅಂತರ್ಜಾಲಕ್ಕೆ ಬರೋಣ. ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ 1998ರಲ್ಲಿ ಒಂದು ಪುಟ್ಟ ಬರಹ ಬರೆದರು. ಒಳ್ಳೇ ವಿಳಾಸ ಅಂದ್ರೆ ಬದಲಾಗದ ವಿಳಾಸ ಅನ್ನೋದು ಅದರ ವಾದ. ವಿಳಾಸದಿಂದ ಏನೇನು ಬಿಡಬೇಕು ಅಂತ ಅದರಲ್ಲಿ ಒಂದು ಪಟ್ಟಿ ಇದೆ. ಲೇಖಕನ ಹೆಸರು ಬೇಡ, ಫೈಲಿನ ಬಾಲ ಬೇಡ, ವಿಷಯದ ವರ್ಗವೂ ಬೇಡ! ಯಾಕಂದ್ರೆ ವರ್ಗೀಕರಣ ಅನ್ನೋದು ಇವತ್ತಿನ ನಮ್ಮ ಬುದ್ಧಿ. ಐದು ವರ್ಷ ಆದ್ಮೇಲೆ ಅದೇ ಬುದ್ಧಿ ಇರುತ್ತೆ ಅಂತ ಯಾರು ಹೇಳೋಕಾಗುತ್ತೆ? ಬರೆದ ದಿನಾಂಕ ಮಾತ್ರ ಎಂದೂ ಬದಲಾಗಲ್ಲ, ಹಾಗಾಗಿ ಅದನ್ನ ಇಟ್ಕೊಳ್ಳಿ ಅಂದರು.

ಆಗ ತಾನೇ ಬ್ಲಾಗು ಶುರುವಾಗ್ತಿದ್ದ ಕಾಲ. ಹೊಸ ಬರಹ ಮುಖಪುಟದ ಮೇಲೆ ಬಂದು ಹಳೇದು ಕೆಳಗೆ ಜಾರಿ ಹೋಗ್ತಿತ್ತು, ಒಂದೊಂದು ಬರಹಕ್ಕೂ ಸ್ವಂತ ವಿಳಾಸ ಇರಲಿಲ್ಲ. 2000ದ ಹೊತ್ತಿಗೆ ಬ್ಲಾಗರ್‌ನಲ್ಲಿ ಪರ್ಮಾಲಿಂಕ್, ಅಂದ್ರೆ ಶಾಶ್ವತ ಕೊಂಡಿ, ಬಂತು. ಹೆಸರಲ್ಲೇ ಶಾಶ್ವತ ಅಂತ ಇದೆ, ಗಮನಿಸಿ. 2001ರಲ್ಲಿ ಬಂದ ಮೂವಬಲ್ ಟೈಪ್‌ನಲ್ಲಿ ವಿಳಾಸದ ರೂಪವನ್ನ ಬರೆಯುವವರೇ ಬದಲಾಯಿಸಿಕೊಳ್ಳುವ ಅನುಕೂಲ ಸಿಕ್ಕಿತು. 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಶುರು ಮಾಡಿದ ವರ್ಡ್‌ಪ್ರೆಸ್, 2004ರ ಜನವರಿಯ 1.0 ಆವೃತ್ತಿಯಲ್ಲಿ ಎರಡು ಸೌಲಭ್ಯ ಒಟ್ಟಿಗೆ ತಂತು. ಓದೋಕಾಗುವಂಥ ವಿಳಾಸಗಳು ಒಂದು, ಒಂದೇ ಬರಹಕ್ಕೆ ಹಲವು ವರ್ಗಗಳು ಇನ್ನೊಂದು. ಇದರ ಹಿಂದೆ ದುಡಿಯುತ್ತಿದ್ದದ್ದು 1996ರಲ್ಲಿ ರಾಲ್ಫ್ ಎಂಗೆಲ್‌ಶಾಲ್ ಬರೆದ ಮಾಡ್-ರೀರೈಟ್. ಓದುಗನಿಗೆ ಚೆಂದದ ವಿಳಾಸ ತೋರಿಸಿ, ಒಳಗೆ ಅದನ್ನ ಪ್ರಶ್ನೆಚಿಹ್ನೆ, ನಂಬರುಗಳಿಗೆ ಬದಲಾಯಿಸಿಕೊಡುವ ಅಪಾಚೆ ಸರ್ವರಿನ ತುಣುಕು ಅದು.

ತಮಾಷೆ ಇರೋದೇ ಇಲ್ಲಿ. ವರ್ಗ ಹಲವು, ವಿಳಾಸ ಒಂದು. ಹಂಪಿಯ ಬಗ್ಗೆ ಬರೆದು 'ಇತಿಹಾಸ', 'ಪ್ರವಾಸ' ಎರಡಕ್ಕೂ ಸೇರಿಸಿದ್ರಿ ಅಂತಿಟ್ಕೊಳ್ಳಿ. ವಿಳಾಸದಲ್ಲಿ ಯಾವುದು ಬರಬೇಕು? ನೀವು ಏನೂ ಹೇಳದಿದ್ರೆ ವರ್ಡ್‌ಪ್ರೆಸ್ ಕಡಿಮೆ ನಂಬರಿನ ವರ್ಗವನ್ನ ತಗೊಳ್ಳುತ್ತೆ. ಅಂದ್ರೆ ನೀವು ಯಾವ ವರ್ಗವನ್ನ ಮೊದಲು ಹುಟ್ಟಿಸಿದ್ರೋ ಅದು! ಬರಹಕ್ಕೆ ಯಾವುದು ಹೆಚ್ಚು ಒಪ್ಪುತ್ತೆ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆಮೇಲೆ ಒಂದು ದಿನ 'ಪ್ರವಾಸ' ಯಾಕೋ ಹಳೇದಾಯ್ತು, 'ತಿರುಗಾಟ' ಚೆನ್ನಾಗಿದೆ ಅಂತ ವಿಳಾಸದಲ್ಲೂ ಬದಲಾಯಿಸಿದ್ರಿ. ಆ ವರ್ಗದ ಎಲ್ಲಾ ಬರಹಗಳ ವಿಳಾಸ ಒಂದೇ ಏಟಿಗೆ ಬದಲು. 2007ರ 2.3 ಆವೃತ್ತಿಯಿಂದ, ಹಳೇ ದಾರಿಯಲ್ಲಿ ಬಂದವರನ್ನ ಸರಿಯಾದ ಕಡೆ ತಿರುಗಿಸುವ ಜಾಣತನ ವರ್ಡ್‌ಪ್ರೆಸ್‌ಗೆ ಬಂತು, ನಿಜ. ಆದ್ರೆ ಆ ಜಾಣತನ ತಂತ್ರಾಂಶ ಓಡ್ತಿರುವ ತನಕ ಮಾತ್ರ. ತಾಣ ಮುಚ್ಚಿದ ಮೇಲೆ ಉಳಿಯೋದು ಇಂಟರ್‌ನೆಟ್ ಆರ್ಕೈವ್‌ನಂಥ ಕಡೆ ಇರುವ ನಕಲು. ಅಲ್ಲಿ ಹುಡುಕೋಕೆ ಹಳೇ ವಿಳಾಸ ಗೊತ್ತಿದ್ರೇನೇ ಸುಲಭ.

ಕನ್ನಡದವರಿಗೆ ಇದರ ಮೇಲೆ ಇನ್ನೊಂದು ಸಂಕಟ. ವಿಳಾಸದ ನಿಯಮ ಬರೆದಾಗ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆ ಮಾತ್ರ ಒಳಗೆ ಬಿಟ್ಟರು. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವೂ ಮೂರು ಬೈಟು, ಒಂದೊಂದು ಬೈಟಿಗೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. ಒಟ್ಟು ಒಂಬತ್ತು. 'ಪ್ರವಾಸ' ನಮಗೆ ಮೂರೇ ಅಕ್ಷರ, ಆದರೆ ವಿರಾಮಚಿಹ್ನೆ, ದೀರ್ಘ ಎಲ್ಲ ಬಿಡಿಸಿದ್ರೆ ಆರು ಸಂಕೇತ. ವಿಳಾಸದಲ್ಲಿ ಅದು 54 ಅಕ್ಷರದ ಶೇಕಡಾ ಸಾಲು! ವರ್ಡ್‌ಪ್ರೆಸ್ ಬರಹದ ಹೆಸರಿಗೆ ಕೊಡುವ ಜಾಗ 200 ಅಕ್ಷರ. ಸುಮಾರು 22 ಸಂಕೇತಕ್ಕೆ ಅದು ಮುಗೀತು, ಅಂದ್ರೆ ನಾಲ್ಕೈದು ಪದದ ಶೀರ್ಷಿಕೆಗೂ ಬಾಲ ಕತ್ತರಿಸಿ ಹೋಗುತ್ತೆ. ಬ್ಲಾಗ್‌ಸ್ಪಾಟ್‌ನದ್ದು ಇನ್ನೊಂದು ಥರ. ಕನ್ನಡ ಶೀರ್ಷಿಕೆ ಕೊಟ್ರೆ ಅದು ಅರ್ಥವಾಗದೆ 'ಬ್ಲಾಗ್-ಪೋಸ್ಟ್' ಅಂತ ಹೆಸರಿಟ್ಟು ಮುಂದೆ ಒಂದು ನಂಬರು ಅಂಟಿಸಿಬಿಡ್ತಿತ್ತು. ಕನ್ನಡದ ಅದೆಷ್ಟೋ ಒಳ್ಳೇ ಕಥೆ, ಕವಿತೆ, ಅನುಭವಗಳ ವಿಳಾಸ ಇವತ್ತಿಗೂ ಅದೇ.

ಆದ್ರೆ ನೋಡಿ, ಆ ಪೆದ್ದು ವಿಳಾಸದಲ್ಲಿ ವರ್ಗ ಇರಲಿಲ್ಲ. ವರ್ಷ, ತಿಂಗಳು, ನಂಬರು, ಅಷ್ಟೆ. 2006ರಲ್ಲಿ ಬ್ಲಾಗರ್‌ಗೆ ಲೇಬಲ್ ಬಂದಾಗಲೂ ಅವು ಬರಹದ ಕೆಳಗೆ ಅಂಟಿಕೊಂಡವೇ ಹೊರತು ಬರಹದ ವಿಳಾಸಕ್ಕೆ ಸೇರಲಿಲ್ಲ. ಹಾಗಾಗಿ ಬರೆದವರು ಲೇಬಲ್‌ಗಳನ್ನ ಎಷ್ಟು ಸಲ ಬದಲಾಯಿಸಿದ್ರೂ ಹಳೇ ಕೊಂಡಿ ಮುರಿಯಲಿಲ್ಲ. ಕನ್ನಡ ವಿಕಿಪೀಡಿಯದ್ದೂ ಇದೇ ದಾರಿ. ವಿಳಾಸದಲ್ಲಿ ಲೇಖನದ ಹೆಸರು ಮಾತ್ರ, ವರ್ಗಗಳು ಪುಟದ ಕೊನೆಯಲ್ಲಿ. ಎಷ್ಟು ಬೇಕಾದ್ರೂ ಸೇರಿಸಿ, ತೆಗೀರಿ. ರಂಗನಾಥನ್ ಹೇಳಿದ ಹಲವು ಮುಖಗಳಿಗೆ ಜಾಗ ಸಿಕ್ಕಿದ್ದು ವಿಳಾಸದ ಹೊರಗೆ.

ಹಾಗಂತ ವರ್ಗವನ್ನ ವಿಳಾಸದಲ್ಲಿ ಇಡೋದು ಪಾಪ ಅಂತ ನಾನು ಹೇಳ್ತಿಲ್ಲ. ಕುಂಬಾರಪೇಟೆಯಲ್ಲಿ ತಿಗರಿ ಹುಡುಕಿದ್ರೆ ಈಗ ಸಿಗೋದು ಕಷ್ಟ, ಆದ್ರೂ ಅಲ್ಲಿಗೆ ಬರೆದ ಕಾಗದ ತಲುಪುತ್ತೆ. ಯಾಕಂದ್ರೆ ಕಸುಬು ಹೋದ್ರೂ ಜನ ಹೆಸರು ಬದಲಾಯಿಸಲಿಲ್ಲ. ಇಟ್ಟರೆ ಹಾಗೆ ಇಡಬೇಕು, ತಂಟೆಗೆ ಹೋಗಬಾರದು. ಅಷ್ಟು ಸಹನೆ ನಮಗಿಲ್ಲ ಅನ್ನೋದಾದ್ರೆ ವರ್ಷ, ತಿಂಗಳು, ಪುಟ್ಟದೊಂದು ಹೆಸರು ಸಾಕು. ವರ್ಗಗಳು ಲೇಬಲ್ ಆಗಿ ಆರಾಮಾಗಿ ಇರಲಿ. ಹೊಸದಾಗಿ ಬರೆಯೋಕೆ ಶುರು ಮಾಡುವವರು ಮೊದಲ ಬರಹ ಹಾಕುವ ಮುಂಚೆ ಐದು ನಿಮಿಷ ಇದರ ಬಗ್ಗೆ ಯೋಚಿಸಿದ್ರೆ ಒಳ್ಳೇದು, ನೂರು ಬರಹ ಆದ್ಮೇಲೆ ಅದು ದೊಡ್ಡ ಕೆಲಸ.

ನಿಮ್ಮ ಹಳೇ ಬರಹಗಳ ವಿಳಾಸ ಹೇಗಿದೆ? ಒಮ್ಮೆ ಒತ್ತಿ ನೋಡಿ, ಇನ್ನೂ ತೆರೆದುಕೊಳ್ಳುತ್ತಾ ಅಂತ...